ಹಳೆಯ ಪಿಎಸ್‌ಪಿ ಮತ್ತು ಹೊಸ ಪದಗಳು: ಹೋಮ್‌ಬ್ರೂ, ಹೆನ್, ಬ್ರಿಕ್ ಎಂದರೆ ನಿಜಕ್ಕೂ ಏನು?

ಕುಂಜಿಬೆಟ್ಟಿನವ

ಎಲ್ಲರಿಗೂ ನಮಸ್ಕಾರ. ಭಾವನವರು 2009ರಲ್ಲಿ ಶಾರ್ಜಾದಿಂದ ರಜೆಗೆ ಬಂದಾಗ ತಂದುಕೊಟ್ಟಿದ್ದ, ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರವಾದ ಸೋನಿ ಪಿಎಸ್‌ಪಿ ಕಳೆದ ವಾರ ಅಟ್ಟದಲ್ಲಿದ್ದ ಟ್ರಂಕಿನೊಳಗೆ ಸಿಕ್ಕಿತು. ಚಾರ್ಜರ್ ಸಿಕ್ಕಿಸಿದಾಗ ದೀಪ ಹೊತ್ತಿತು, ಮೆನುವೂ ಬಂತು, ಆದರೆ ಆಟದ ಡಿಸ್ಕ್ ತಿರುಗಲಿಲ್ಲ. ಎಂಟನೇ ತರಗತಿಯಲ್ಲಿರುವ ಮಗಳು ಶಾಲೆಯ ಕಂಪ್ಯೂಟರಿನಲ್ಲಿ ಸಣ್ಣಪುಟ್ಟ ಪ್ರೋಗ್ರಾಂ ಬರೆಯುತ್ತಾಳೆ. ಅವಳು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಅಪ್ಪ, ನಾನು ಬರೆದ ಆಟ ಇದರಲ್ಲಿ ಓಡುತ್ತದಾ?" ಎಂದು ಕೇಳಿದಳು.

ಮಂಗಳೂರಿನ ಒಂದು ಅಂಗಡಿಯಲ್ಲಿ ವಿಚಾರಿಸಿದೆ. "ಜೈಲ್‌ಬ್ರೇಕ್ ಮಾಡಿಕೊಡುತ್ತೇವೆ, ಹಾಳಾದರೆ ನಮ್ಮನ್ನು ಕೇಳಬಾರದು" ಎಂದರು (ಕಂಪನಿ ಹಾಕಿದ ತಾಂತ್ರಿಕ ಬೀಗವನ್ನು ದಾಟುವುದಕ್ಕೆ ಹಾಗೆನ್ನುತ್ತಾರೆ). ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ಹಾಗಾಗಿ ಎರಡು ರಾತ್ರಿ ಕುಳಿತು ನಾನೇ ಓದಿದೆ. ನನಗೆ ಅರ್ಥವಾದದ್ದು ಇಷ್ಟು: ಹೋಮ್‌ಬ್ರೂ ಎಂದರೆ ದುಡ್ಡು ಕೊಡದೆ ಇಳಿಸಿಕೊಂಡ ಆಟ. ಎಕ್ಸ್‌ಪ್ಲಾಯಿಟ್ ಎಂದರೆ ಅದನ್ನು ಓಡಿಸುವ ಒಂದು ತಂತ್ರಾಂಶ. ಹೆನ್ ಮತ್ತು ಕಸ್ಟಮ್ ಫರ್ಮ್‌ವೇರ್ ಒಂದೇ ವಸ್ತುವಿನ ಎರಡು ಹೆಸರುಗಳು. ಬ್ರಿಕ್ ಆದರೆ ಯಂತ್ರದ ಕಥೆ ಮುಗಿಯಿತು. ತಪ್ಪಿದ್ದರೆ ದಯವಿಟ್ಟು ತಿದ್ದಿ, ಏಕೆಂದರೆ ಅರ್ಥವಾಗದೆ ಯಂತ್ರಕ್ಕೆ ಕೈಹಾಕಲು ನನಗೆ ಮನಸ್ಸಿಲ್ಲ.

ಸುರತ್ಕಲ್_ಸಂಕೇತ

ನೀವು ಬರೆದ ನಾಲ್ಕೂ ಅರ್ಥಗಳು ತಪ್ಪು. ಆದರೆ ಕೈಹಾಕುವ ಮೊದಲು ಕೇಳಿದ್ದೀರಿ, ಅದು ಬಹಳ ಒಳ್ಳೆಯದಾಯಿತು.

ಮೊದಲನೆಯದನ್ನು ನಾನು ತಿದ್ದುತ್ತೇನೆ, ಏಕೆಂದರೆ ಈ ಒಂದು ತಪ್ಪು ತಿಳಿವಳಿಕೆಯಿಂದಲೇ ಇಡೀ ವಿಷಯಕ್ಕೆ ಕೆಟ್ಟ ಹೆಸರು ಬಂದಿದೆ. ಹೋಮ್‌ಬ್ರೂ ಎಂದರೆ ಯಂತ್ರ ತಯಾರಿಸಿದ ಕಂಪನಿಯ ಪರವಾನಗಿಯಿಲ್ಲದೆ, ಆಸಕ್ತರು ತಾವೇ ಬರೆದ ಪ್ರೋಗ್ರಾಂ. ಮನೆಯಲ್ಲೇ ಬಿಯರ್ ಹುದುಗಿಸುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ಮಾತು ಅದು. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನಲ್ಲಿ 1975ರ ಮಾರ್ಚ್‌ನಲ್ಲಿ ಒಬ್ಬರ ಗ್ಯಾರೇಜಿನಲ್ಲಿ ಆರಂಭವಾದ ಹವ್ಯಾಸಿಗಳ ಕಂಪ್ಯೂಟರ್ ಕ್ಲಬ್ಬಿಗೂ ಅದೇ ಹೆಸರಿತ್ತು, ಸ್ಟೀವ್ ವೋಜ್ನಿಯಾಕ್ ಆ ಕ್ಲಬ್ಬಿನ ಸದಸ್ಯರಾಗಿದ್ದರು. ನಿಮ್ಮ ಮಗಳು ಬರೆಯಬೇಕೆಂದಿರುವ ಆಟವೇ ನಿಜವಾದ ಹೋಮ್‌ಬ್ರೂ. ಅಂಗಡಿಯಲ್ಲಿ ಮಾರುವ ಆಟವನ್ನು ನಕಲು ಮಾಡಿ ಹಂಚುವುದು ಪೈರಸಿ. ಎರಡೂ ಒಂದೇ ಬಾಗಿಲಿನಿಂದ ಒಳಗೆ ಹೋಗಬಹುದು, ಆದರೆ ಎರಡೂ ಒಂದೇ ಅಲ್ಲ.

ಕದ್ರಿ_ಗುಡ್ಡೆ

ಎಕ್ಸ್‌ಪ್ಲಾಯಿಟ್ ತಂತ್ರಾಂಶದ ಹೆಸರಲ್ಲ. ನಮ್ಮ ಹಂಚಿನ ಮನೆಯನ್ನೇ ನೆನಪಿಸಿಕೊಳ್ಳಿ. ಒಂದು ಹಂಚು ಸರಿದಿದ್ದರೆ ಮಳೆಗಾಲದಲ್ಲಿ ನೀರು ಅಲ್ಲಿಂದಲೇ ಇಳಿಯುತ್ತದೆ. ಹಂಚು ಸರಿದ ಜಾಗ ತಯಾರಕರ ಕಣ್ತಪ್ಪಿನಿಂದ ಉಳಿದ ದೋಷ, ಆ ಜಾಗವನ್ನೇ ದಾರಿ ಮಾಡಿಕೊಂಡು ಒಳಗೆ ಇಳಿಯುವ ಉಪಾಯ ಎಕ್ಸ್‌ಪ್ಲಾಯಿಟ್. ಒಳಗೆ ಇಳಿದ ಮೇಲೆ ಕೆಲಸ ಮಾಡುವ ಸಂಕೇತಕ್ಕೆ (ಕೋಡ್) ಪೇಲೋಡ್ ಎನ್ನುತ್ತಾರೆ.

ಪಿಎಸ್‌ಪಿಯಲ್ಲಿ ಇದಕ್ಕೆ ಉದಾಹರಣೆಗಳು ಎಷ್ಟೋ ಇವೆ. 2005ರಲ್ಲಿ ಯಂತ್ರದ ತಂತ್ರಾಂಶದ 2.0 ಆವೃತ್ತಿಯ ಫೋಟೊ ತೋರಿಸುವ ಭಾಗದಲ್ಲಿ ದೋಷ ಸಿಕ್ಕಿತು. ವಿಶೇಷವಾಗಿ ತಯಾರಿಸಿದ ಒಂದು ಟಿಫ್ ಚಿತ್ರವನ್ನು ತೆರೆದಾಗ ಯಂತ್ರ ಹೊರಗಿನವರ ಸಂಕೇತವನ್ನು ಓಡಿಸುತ್ತಿತ್ತು. ಬೇರೆ ಆವೃತ್ತಿಗಳಲ್ಲಿ ಆಟದ ಸೇವ್ ಕಡತವೇ ದಾರಿಯಾಯಿತು. 2007ರಲ್ಲಿ ಲುಮಿನೆಸ್ ಎಂಬ ಆಟದ ಸೇವ್ ಕಡತದ ಮೂಲಕ 3.50 ಆವೃತ್ತಿಯ ಒಳಗೆ ಹೋಗಲಾಯಿತು.

ಇನ್ನೊಂದು ಜೋಡಿ ಮಾತನ್ನೂ ತಿಳಿದಿರಿ. ಯೂಸರ್ ಮೋಡ್ ಎಂದರೆ ಮನೆಯ ಚಾವಡಿ, ಯಾರು ಬಂದರೂ ಕುಳಿತು ಮಾತನಾಡಬಹುದು. ಕರ್ನಲ್ ಮೋಡ್ ಎಂದರೆ ಒಳಗಿನ ಕೋಣೆ, ಪೆಟ್ಟಿಗೆಯ ಬೀಗದಕೈ ಇರುವ ಜಾಗ. ಸಾಮಾನ್ಯ ಆಟ ಓಡಲು ಚಾವಡಿ ಸಾಕು, ಯಂತ್ರದ ನಡವಳಿಕೆಯನ್ನೇ ಬದಲಿಸಲು ಒಳಕೋಣೆ ಬೇಕು.

ಉಳ್ಳಾಲ_ತೀರ

ಹೆನ್ ಮತ್ತು ಕಸ್ಟಮ್ ಫರ್ಮ್‌ವೇರ್ ನಡುವೆ ವ್ಯತ್ಯಾಸವಿದೆ ಎಂದು ನನಗೂ ಬಹಳ ಕಾಲ ಗೊತ್ತಿರಲಿಲ್ಲ. ಎರಡರಲ್ಲೂ ಹೋಮ್‌ಬ್ರೂ ಓಡುತ್ತದೆ ಎಂದ ಮೇಲೆ ಯಾವ ಹೆಸರಾದರೇನು?

ಕದ್ರಿ_ಗುಡ್ಡೆ

ಅಲ್ಲ ಮಾರಾಯರೇ, ಅಲ್ಲಿಯೇ ಎಲ್ಲ ವ್ಯತ್ಯಾಸ ಇರುವುದು. ಹೆನ್ ಎಂದರೆ ಹೋಮ್‌ಬ್ರೂ ಎನೇಬ್ಲರ್, ಹೋಮ್‌ಬ್ರೂ ಓಡಲು ತಾತ್ಕಾಲಿಕವಾಗಿ ಅವಕಾಶ ಮಾಡಿಕೊಡುವ ಪ್ರೋಗ್ರಾಂ. ಫರ್ಮ್‌ವೇರ್ ಎಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಕಸ್ಟಮ್ ಎಂದರೆ ಅದನ್ನೇ ಬದಲಿಸಿದ್ದು. ಹೆನ್ ಬದುಕುವುದು ರ‍್ಯಾಮ್‌ನಲ್ಲಿ, ಪೂರ್ತಿ ಆಫ್ ಮಾಡಿದರೆ ಹೊರಟುಹೋಗುತ್ತದೆ, ಮರುದಿನ ಮತ್ತೆ ಎಬ್ಬಿಸಬೇಕು. ಯಂತ್ರದ ಮೂಲ ಕಡತಗಳನ್ನು ಅದು ಮುಟ್ಟುವುದಿಲ್ಲ. ಕಸ್ಟಮ್ ಫರ್ಮ್‌ವೇರ್ ಹಾಗಲ್ಲ, ಆಫ್ ಮಾಡಿದರೂ ಅಳಿಯದ ಒಳಗಿನ ಫ್ಲ್ಯಾಶ್ ಸ್ಮೃತಿಯ ಮೇಲೆಯೇ ಬರೆದುಕೊಂಡು ಉಳಿಯುತ್ತದೆ. ಬರೆಯುವಾಗ ಅರ್ಧದಲ್ಲಿ ನಿಂತರೆ ಯಂತ್ರ ಎದ್ದೇಳುವುದಿಲ್ಲ. ಒಂದರಲ್ಲಿ ತಪ್ಪಾದರೆ ಆಫ್ ಮಾಡಿ ಆನ್ ಮಾಡಿದರೆ ಆಯಿತು, ಇನ್ನೊಂದರಲ್ಲಿ ತಪ್ಪಾದರೆ ರಿಪೇರಿಗೆ ಹೊರಡಬೇಕು. ಹೀಗಿರುವಾಗ ಯಾವ ಹೆಸರಾದರೇನು ಎಂದು ಹೇಳಲು ಸಾಧ್ಯವೇ?

ಸುರತ್ಕಲ್_ಸಂಕೇತ

ಕದ್ರಿಯವರು ಹೇಳಿದ್ದು ಹಳೆಯ ಕಾಲಕ್ಕೆ ಪೂರ್ತಿ ಸರಿ, ನಂತರದ ದಿನಗಳಿಗೆ ಅಷ್ಟು ಸರಿಯಲ್ಲ. ಪಿಎಸ್‌ಪಿ-3000 ಮಾದರಿಯ ಮೇಲೆ 6.60ರ ಪ್ರೊ ಎಂಬುದನ್ನು ಹಾಕಿದವರು ಅದನ್ನು ಕಸ್ಟಮ್ ಫರ್ಮ್‌ವೇರ್ ಎಂದೇ ಕರೆಯುತ್ತಿದ್ದರು, ಆದರೆ ಪೂರ್ತಿ ಆಫ್ ಮಾಡಿದ ಮೇಲೆ ಫಾಸ್ಟ್ ರಿಕವರಿ ಎಂಬ ಸಣ್ಣ ಪ್ರೋಗ್ರಾಂ ಓಡಿಸಿ ಮತ್ತೆ ಎಬ್ಬಿಸಬೇಕಿತ್ತು. ನಡುವಿನ ಈ ಜಾತಿಗೆ ಲೈಟ್ ಕಸ್ಟಮ್ ಫರ್ಮ್‌ವೇರ್ ಎಂಬ ಹೆಸರೂ ಬಿತ್ತು. ಆಮೇಲೆ ಬಂದ ಇನ್‌ಫಿನಿಟಿ ಎಂಬುದು ಅಂಥ ಮಾದರಿಗಳಲ್ಲೂ ಪ್ರತಿ ಸಲ ಆನ್ ಆಗುವಾಗಲೇ ಅದನ್ನು ತಾನಾಗಿ ಎಬ್ಬಿಸುವ ವ್ಯವಸ್ಥೆ ಮಾಡಿತು. ಆದ್ದರಿಂದ ಹೆಸರನ್ನು ನಂಬಬೇಡಿ. "ಇದು ಫ್ಲ್ಯಾಶ್ ಮೇಲೆ ಬರೆಯುತ್ತದೆಯೇ, ಆಫ್ ಮಾಡಿದರೆ ಉಳಿಯುತ್ತದೆಯೇ" ಎಂಬ ಎರಡು ಪ್ರಶ್ನೆಗಳನ್ನೇ ಕೇಳಿ.

ಕದ್ರಿ_ಗುಡ್ಡೆ

ಒಪ್ಪಿದೆ. ಎರಡು ಪ್ರಶ್ನೆ ಕೇಳುವುದೇ ಸರಿಯಾದ ದಾರಿ.

ಕಂಕನಾಡಿ_ಬೆಸುಗೆ

ಬ್ರಿಕ್ ಬಗ್ಗೆ ನಾನು ಬರೆಯುತ್ತೇನೆ, ಅದು ನನ್ನ ಕೈಯಿಂದಲೇ ಆಗಿದೆ.

2007ರ ಮಳೆಗಾಲ. ಕಾಲೇಜಿನ ಗೆಳೆಯನ ಪಿಎಸ್‌ಪಿ-1000, ಅವನು ಅಣ್ಣನ ಕೈಯಿಂದ ಬೇಡಿ ತಂದದ್ದು. ಬ್ಯಾಟರಿ ಕಾಲುಭಾಗವೂ ಇರಲಿಲ್ಲ, ಆದರೂ ಚಾರ್ಜರ್ ಹಾಕಿದ್ದೇವಲ್ಲ ಎಂಬ ಧೈರ್ಯದಲ್ಲಿ ಫರ್ಮ್‌ವೇರ್ ಬರೆಯಲು ಶುರುಮಾಡಿದೆವು. ಅರ್ಧ ಆಗುವಷ್ಟರಲ್ಲಿ ಗುಡುಗು ಬಂತು, ಕರೆಂಟು ಹೋಯಿತು, ನಿಮಿಷದೊಳಗೆ ಬ್ಯಾಟರಿಯೂ ಮುಗಿಯಿತು. ಕರೆಂಟು ಬಂದ ಮೇಲೆ ಸ್ವಿಚ್ ಎಳೆದರೆ ಹಸಿರು ದೀಪ ಹೊತ್ತುತ್ತದೆ, ಪರದೆ ಮಾತ್ರ ಕಪ್ಪು. ಹದಿನೈದು ಸೆಕೆಂಡು ಹಾಗೆಯೇ ಇದ್ದು ದೀಪ ಆರುತ್ತದೆ. ಆ ರಾತ್ರಿ ಅದನ್ನು ನೂರು ಸಲ ಎಳೆದಿದ್ದೇವೆ. ಗೆಳೆಯ ಅಳಲಿಲ್ಲ, ಆದರೆ ಊಟ ಮಾಡದೆ ಎದ್ದುಹೋದ. ಆ ಮುಖ ನನಗೆ ಇನ್ನೂ ನೆನಪಿದೆ.

ನಮ್ಮ ಅದೃಷ್ಟಕ್ಕೆ ಅದೇ ಆಗಸ್ಟ್‌ನಲ್ಲಿ ಪ್ಯಾಂಡೊರಾ ಬ್ಯಾಟರಿಯ ವಿಷಯ ಹೊರಬಂತು. ಪಿಎಸ್‌ಪಿ ಬ್ಯಾಟರಿಯೊಳಗೆ ಒಂದು ಸಣ್ಣ ಚಿಪ್ ಇದೆ, ಅದರಲ್ಲಿ ಬ್ಯಾಟರಿಯ ಕ್ರಮಸಂಖ್ಯೆ ಬರೆದಿರುತ್ತದೆ. ಆ ಸಂಖ್ಯೆಯ ಎಲ್ಲ ಅಂಕೆಗಳೂ ಎಫ್ (ಕಂಪ್ಯೂಟರಿನ ಹದಿನಾರರ ಎಣಿಕೆಯಲ್ಲಿ ಅತಿ ದೊಡ್ಡ ಅಂಕೆ) ಆಗಿದ್ದರೆ ಯಂತ್ರ "ಇದು ಕಾರ್ಖಾನೆಯ ರಿಪೇರಿಯವರ ಬ್ಯಾಟರಿ" ಎಂದು ತಿಳಿದು, ಕೆಟ್ಟುಹೋದ ಫ್ಲ್ಯಾಶ್ ಕಡೆಗೆ ನೋಡದೆ, ನೇರವಾಗಿ ಹೊರಗಿನಿಂದ ಹಾಕುವ ಕಾರ್ಡಾದ ಮೆಮೊರಿ ಸ್ಟಿಕ್‌ನಿಂದ ಆರಂಭವಾಗುತ್ತದೆ. ಇದಕ್ಕೆ ಸರ್ವಿಸ್ ಮೋಡ್ ಎನ್ನುತ್ತಾರೆ. ನಾನು ಬ್ಯಾಟರಿಯ ಹೊದಿಕೆಯನ್ನು ಬ್ಲೇಡಿನಿಂದ ಬಿಡಿಸಿ, ಆ ಚಿಪ್ಪಿನ ಒಂದು ಕಾಲನ್ನು ಸೂಜಿಯಿಂದ ಎತ್ತಿದೆ. ಹಾಗೆ ಮಾಡಿದರೆ ಯಂತ್ರ ಆ ಸಂಖ್ಯೆಯನ್ನು ಎಲ್ಲ ಎಫ್ ಎಂದೇ ಓದುತ್ತದೆ. ಸಿದ್ಧಪಡಿಸಿದ ಮೆಮೊರಿ ಸ್ಟಿಕ್ ಹಾಕಿ ಬ್ಯಾಟರಿ ಒತ್ತಿದ ತಕ್ಷಣ, ಸ್ವಿಚ್ ಮುಟ್ಟುವ ಮೊದಲೇ ಪರದೆ ಬೆಳಗಿತು. (ಲಿಥಿಯಂ ಬ್ಯಾಟರಿಗೆ ಬ್ಲೇಡ್ ಹಾಕುವುದು ಅಪಾಯದ ಕೆಲಸ, ಇಂದು ಯಾರಿಗೂ ಹಾಗೆ ಮಾಡಲು ಹೇಳುವುದಿಲ್ಲ.)

ಆದ್ದರಿಂದ ಬ್ರಿಕ್ ಎಂದರೆ ಎಲ್ಲ ಸಲವೂ ಸಾವು ಅಲ್ಲ. ತಂತ್ರಾಂಶ ಮಾತ್ರ ಕೆಟ್ಟು, ರಿಕವರಿ ಮೆನುವಿಗಾದರೂ ಹೋಗುವ ಸ್ಥಿತಿ ಸಾಫ್ಟ್ ಬ್ರಿಕ್. ಯಾವ ಮೆನುವೂ ಬಾರದಿದ್ದರೆ ಹಾರ್ಡ್ ಬ್ರಿಕ್. ಈ ಬ್ಯಾಟರಿಯ ಉಪಾಯ ಎಲ್ಲ ಮಾದರಿಗೂ ಹೊಂದುವುದಿಲ್ಲ, 2000 ಮಾದರಿಯ ಕೊನೆಯ ಬೋರ್ಡುಗಳಲ್ಲಿ ಮತ್ತು 3000ರಲ್ಲಿ ಸೋನಿ ಆ ದಾರಿಯನ್ನು ಮುಚ್ಚಿತು. ಈಗ ಬ್ಯಾಟರಿಯ ಜಾಗದಲ್ಲಿ ಕಂಪ್ಯೂಟರನ್ನೇ ಮಾತನಾಡಿಸುವ ವಿಧಾನವೊಂದು ಬಂದಿದೆ, ಆದರೆ ಅದಕ್ಕೆ ಸಲಕರಣೆ ಮತ್ತು ಕೈಚಳಕ ಎರಡೂ ಬೇಕು.

ಮಣಿಪಾಲದ_ಓದುಗಿ

ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು. ಬ್ರಿಕ್ ಆಗುವುದು ಕರೆಂಟು ಹೋಗಿ ಮಾತ್ರವಲ್ಲ. 2005ರ ಅಕ್ಟೋಬರ್‌ನಲ್ಲಿ ಪಿಎಸ್‌ಪಿ 2.0 ಆವೃತ್ತಿಯನ್ನು ಹಿಂದಕ್ಕೆ ತರುತ್ತದೆ ಎಂದು ಹೇಳಿಕೊಂಡು ಒಂದು ಕಡತ ಹರಿದಾಡಿತು. ಹಾಗೆ ಹಿಂದಿನ ಆವೃತ್ತಿಗೆ ಮರಳುವುದಕ್ಕೆ ಡೌನ್‌ಗ್ರೇಡ್ ಎನ್ನುತ್ತಾರೆ. ಓಡಿಸಿದವರ ಯಂತ್ರದ ಮೂಲ ಕಡತಗಳನ್ನು ಅದು ಅಳಿಸಿಹಾಕಿತು. ಅದು ಟ್ರೋಜನ್ ಆಗಿತ್ತು, ಅಂದರೆ ಉಪಯೋಗದ ವೇಷ ಹಾಕಿ ಹಾನಿ ಮಾಡುವ ಪ್ರೋಗ್ರಾಂ. ಯಾರೋ ವಾಟ್ಸಾಪ್‌ನಲ್ಲಿ ಕಳುಹಿಸಿದ ಕಡತವನ್ನು ಮಗಳಿಗೆ ಓಡಿಸಲು ಕೊಡಬೇಡಿ ಅಣ್ಣ.

ಕಾಪು_ದೀಪ

ಕ್ಷಮಿಸಿ, ನಾನು ಬೇರೆಯದನ್ನೇ ಹೇಳಬೇಕಾಗಿದೆ. ಇಷ್ಟು ಹೊತ್ತು ಎಲ್ಲರೂ ಸುಂದರ ಹೆಸರುಗಳನ್ನು ಕೊಡುತ್ತಿದ್ದೀರಿ, ಆದರೆ ನಮ್ಮ ಊರಿನಲ್ಲಿ ಈ ಕೆಲಸ ಮಾಡಿಸುವ ಹತ್ತರಲ್ಲಿ ಒಂಬತ್ತು ಮಂದಿ ಪುಕ್ಕಟೆ ಆಟಕ್ಕಾಗಿಯೇ ಮಾಡಿಸುತ್ತಾರೆ. ನನ್ನ ಅಕ್ಕನ ಮಗ ಆಟ ತಯಾರಿಸುವ ಸಣ್ಣ ತಂಡವೊಂದರಲ್ಲಿ ದುಡಿಯುತ್ತಾನೆ. ಎರಡು ವರ್ಷ ಕಷ್ಟಪಟ್ಟು ಮಾಡಿದ ಆಟದ ನಕಲು ಬಿಡುಗಡೆಯ ವಾರವೇ ಎಲ್ಲೆಡೆ ಸಿಕ್ಕಿದಾಗ ಅವನು ಎಷ್ಟು ಕುಸಿದುಹೋದ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಂಟನೇ ತರಗತಿಯ ಮಗುವಿಗೆ ಬೀಗ ಒಡೆಯುವುದನ್ನು ಕಲಿಸಬೇಕೇ?

ಸುರತ್ಕಲ್_ಸಂಕೇತ

ನಿಮ್ಮ ನೋವು ನ್ಯಾಯವಾದದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾನೂನು ಕೂಡ ಈ ಎರಡನ್ನು ಬೇರೆಯಾಗಿಯೇ ನೋಡುತ್ತದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ 65ಎ ಎಂಬ ಕಲಮು ಸೇರಿತು. ತಾಂತ್ರಿಕ ಬೀಗವನ್ನು ದಾಟುವುದು ಅಪರಾಧವೆಂದು ಅದು ಹೇಳುತ್ತದೆ, ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡವೂ ಇದೆ. ಆದರೆ ಅಲ್ಲಿ "ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ" ಎಂಬ ಷರತ್ತು ಸ್ಪಷ್ಟವಾಗಿದೆ. ನ್ಯಾಯವಾಗಿ ಹೊಂದಿರುವ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು, ಅದು ಕಳೆದುಹೋದೀತು ಅಥವಾ ಹಾಳಾದೀತು ಎಂಬ ಕಾರಣಕ್ಕೆ ತಾತ್ಕಾಲಿಕ ರಕ್ಷಣೆಯಾಗಿ ಮಾಡಿಟ್ಟುಕೊಳ್ಳಲು 52ನೇ ಕಲಮು ಅವಕಾಶ ಕೊಡುತ್ತದೆ. ಇನ್ನೊಬ್ಬರ ಆಟವನ್ನು ಇಳಿಸಿಕೊಂಡು ಆಡುವುದಕ್ಕೆ ಯಾವ ಕಲಮೂ ಅವಕಾಶ ಕೊಡುವುದಿಲ್ಲ.

ಕಾಪು_ದೀಪ

ಉದ್ದೇಶ ಎಂಬ ಮಾತು ಅಲ್ಲಿದೆ ಎಂಬುದು ನನಗೆ ತಿಳಿದಿರಲಿಲ್ಲ. ಆದರೂ ಆಟದ ನಕಲು ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಇಲ್ಲಿ ಯಾರೂ ಉತ್ತರಿಸಬಾರದೆಂದು ವಿನಂತಿ.

ಕದ್ರಿ_ಗುಡ್ಡೆ

ಅದಕ್ಕೆ ನನ್ನದೂ ಒಪ್ಪಿಗೆ ಇದೆ.

ಮಲ್ಪೆ_ಅಲೆ

ನನ್ನ ಬಳಿ ನಿಂಟೆಂಡೊ ಕಂಪನಿಯ 3ಡಿಎಸ್ ಎಂಬ ಆಟದ ಯಂತ್ರ ಇದೆ. ಅದರವರು ಹೆನ್ ಎಂಬ ಮಾತನ್ನೇ ಬಳಸುವುದಿಲ್ಲ, ಸಿಸ್‌ನ್ಯಾಂಡ್, ಎಮುನ್ಯಾಂಡ್ ಎನ್ನುತ್ತಾರೆ. ಇವು ಬೇರೆ ವಸ್ತುಗಳೇ?

ಉಳ್ಳಾಲ_ತೀರ

ನನಗೆ ಗೊತ್ತಿರುವ ವಿಷಯ ಬಂತು. ನ್ಯಾಂಡ್ ಎಂದರೆ ಯಂತ್ರದೊಳಗಿನ ಸಂಗ್ರಹ ಚಿಪ್. ಅದರಲ್ಲಿರುವ ಅಸಲು ವ್ಯವಸ್ಥೆ ಸಿಸ್‌ನ್ಯಾಂಡ್, ಅದರ ಪಡಿಯಚ್ಚನ್ನು ಎಸ್‌ಡಿ ಕಾರ್ಡಿನಲ್ಲಿಟ್ಟು ಅಲ್ಲಿಂದ ಓಡಿಸಿದರೆ ಎಮುನ್ಯಾಂಡ್. ಪ್ರಯೋಗವೆಲ್ಲ ಪಡಿಯಚ್ಚಿನ ಮೇಲೆ ನಡೆಯುವುದರಿಂದ ಅಸಲು ಉಳಿಯುತ್ತದೆ. ನಿಂಟೆಂಡೊದ ಇನ್ನೊಂದು ಆಟದ ಯಂತ್ರವಾದ ಸ್ವಿಚ್‌ನಲ್ಲಿ ಇದನ್ನೇ ಎಮುಎಂಎಂಸಿ ಎನ್ನುತ್ತಾರೆ. ನ್ಯಾಂಡ್‌ನ ಬ್ಯಾಕಪ್ ತೆಗೆದು ಕಂಪ್ಯೂಟರಿನಲ್ಲಿ ಇಡದೆ ಒಂದು ಹೆಜ್ಜೆಯನ್ನೂ ಮುಂದಿಡಬೇಡಿ.

3ಡಿಎಸ್‌ನಲ್ಲಿ ಹೋಮ್‌ಬ್ರೂಗೆ ಹೆಸರಾದ ಒಂದು ದಾರಿ ತೆರೆದದ್ದು 2014ರ ನವೆಂಬರ್‌ನಲ್ಲಿ, ಕ್ಯೂಬಿಕ್ ನಿಂಜಾ ಎಂಬ ಯಾರೂ ಕೇಳದ ಆಟದ ಮೂಲಕ. ಆ ಆಟಕ್ಕೆ ಕ್ಯೂಆರ್ ಕೋಡ್ ಓದಿ ಹಂತಗಳನ್ನು ತೆರೆಯುವ ಸೌಲಭ್ಯವಿತ್ತು, ದೋಷ ಅಲ್ಲಿತ್ತು. ಸುದ್ದಿ ಹೊರಬಿದ್ದ ಕೂಡಲೇ ಬಳಸಿದ ಪ್ರತಿಗಳ ಬೆಲೆಯೂ ಏರಿಬಿಟ್ಟಿತು. ಹೀಗೆ ಒಳಹೋಗುವ ಮೊದಲ ಬಾಗಿಲಿಗೆ ಎಂಟ್ರಿಪಾಯಿಂಟ್ ಎನ್ನುತ್ತಾರೆ.

ಸುರತ್ಕಲ್_ಸಂಕೇತ

ಬಾಗಿಲುಗಳಲ್ಲೂ ಎರಡು ಬಗೆ. ಕ್ಯೂಬಿಕ್ ನಿಂಜಾದ ಬಗೆಯದನ್ನು ಮುಂದಿನ ಅಪ್‌ಡೇಟ್‌ನಲ್ಲಿ ಮುಚ್ಚಬಹುದು. ಆದರೆ ದೋಷ ಬೂಟ್‌ರಾಮ್‌ನಲ್ಲಿದ್ದರೆ, ಅಂದರೆ ಚಿಪ್ ತಯಾರಾಗುವಾಗಲೇ ಅದರೊಳಗೆ ಅಚ್ಚಾಗಿಹೋದ ಸಂಕೇತದಲ್ಲಿದ್ದರೆ, ಮಾರಾಟವಾದ ಯಂತ್ರದಲ್ಲಿ ಅದನ್ನು ತಿದ್ದಲು ಯಾರಿಗೂ ಆಗುವುದಿಲ್ಲ. ಸ್ವಿಚ್‌ನ ಟೆಗ್ರಾ ಎಕ್ಸ್1 ಚಿಪ್ಪಿನಲ್ಲಿ 2018ರ ಏಪ್ರಿಲ್‌ನಲ್ಲಿ ಬಹಿರಂಗವಾದ ದೋಷ ಅಂಥದ್ದು. ನಂತರ ತಯಾರಾದ ಯಂತ್ರಗಳಲ್ಲಿ ಮಾತ್ರ ಅದನ್ನು ಸರಿಪಡಿಸಲಾಯಿತು. ಅದಕ್ಕಾಗಿಯೇ ಹಳೆಯ ಸ್ವಿಚ್ ಕೊಳ್ಳುವವರು ಕ್ರಮಸಂಖ್ಯೆ ನೋಡುವುದು.

ಕಂಕನಾಡಿ_ಬೆಸುಗೆ

ಕುಂಜಿಬೆಟ್ಟಿನವರೇ, ನಿಮ್ಮ ಯಂತ್ರಕ್ಕೆ ಹಿಂತಿರುಗೋಣ. ಬ್ಯಾಟರಿ ತೆಗೆದು ಒಳಗಿನ ಚೀಟಿಯಲ್ಲಿ ಮಾದರಿ ಸಂಖ್ಯೆ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ ಸಾಫ್ಟ್‌ವೇರ್ ಆವೃತ್ತಿಯನ್ನೂ ನೋಡಿ ಹೇಳಿ.

ಕುಂಜಿಬೆಟ್ಟಿನವ

ಮಾದರಿ ಪಿಎಸ್‌ಪಿ-3004, ಆವೃತ್ತಿ 5.03. ಬ್ಯಾಟರಿ ತೆಗೆಯುವಾಗ ಒಂದು ಸಂಗತಿ ಗಮನಕ್ಕೆ ಬಂತು. ಹಿಂದಿನ ಮುಚ್ಚಳ ಸ್ವಲ್ಪ ಮೇಲೆದ್ದಿತ್ತು, ಬ್ಯಾಟರಿ ನಡುವೆ ದಿಂಬಿನಂತೆ ಉಬ್ಬಿದೆ, ಲೋಹದ ಸಂಪರ್ಕಗಳ ಮೇಲೆ ಹಸಿರು ಪುಡಿ ಕಟ್ಟಿದೆ.

ಕಂಕನಾಡಿ_ಬೆಸುಗೆ

ಆ ಬ್ಯಾಟರಿಯನ್ನು ಮತ್ತೆ ಹಾಕಬೇಡಿ, ಒತ್ತಬೇಡಿ, ಚಾರ್ಜ್ ಮಾಡಬೇಡಿ, ಇ-ತ್ಯಾಜ್ಯ ಪಡೆಯುವವರಿಗೆ ಕೊಟ್ಟುಬಿಡಿ. ಹಸಿರು ಪುಡಿ ನಮ್ಮ ಕರಾವಳಿಯ ಗಾಳಿಯ ಕೆಲಸ, ಐಸೊಪ್ರೊಪಿಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿದರೆ ಹೋಗುತ್ತದೆ. ಹೊಸ ಬ್ಯಾಟರಿ ಇಲ್ಲದೆ ಅಧಿಕೃತ ಅಪ್‌ಡೇಟ್ ಕೂಡ ಆರಂಭವಾಗುವುದಿಲ್ಲ, ಚಾರ್ಜರ್ ಮತ್ತು ಬ್ಯಾಟರಿ ಎರಡೂ ಇರಬೇಕೆಂದು ಯಂತ್ರವೇ ಹಟ ಹಿಡಿಯುತ್ತದೆ. 2007ರಲ್ಲಿ ನಾವೂ ಅಷ್ಟು ಹಟ ಹಿಡಿದಿದ್ದರೆ ಒಳ್ಳೆಯದಿತ್ತು.

ಉಳ್ಳಾಲ_ತೀರ

5.03 ಎಂದರೆ ಚಿಕ್‌ಹೆನ್ ಎಂಬ ಹೆನ್ ಓಡುವ ಆವೃತ್ತಿ! 2009ರಲ್ಲಿ ಎಷ್ಟು ಜನ ಅದಕ್ಕಾಗಿ ಹುಡುಕಾಡಿದ್ದರು. ಅದನ್ನೇ ಹಾಕಿ.

ಸುರತ್ಕಲ್_ಸಂಕೇತ

ಬೇಡ. ಇಲ್ಲಿ ಎಲ್ಲರೂ ಒಂದು ಕ್ಷಣ ನಿಂತು, ಆ ಮಗು ಕೇಳಿದ್ದು ಏನೆಂದು ನೋಡಬೇಕು. ತಾನು ಬರೆದ ಆಟ ಓಡಬೇಕು ಎಂದು ಕೇಳಿದ್ದಾಳೆ, ಅಷ್ಟೇ.

ಅಧಿಕೃತ ಪಿಎಸ್‌ಪಿ ಸಹಿಯಿಲ್ಲದ ಪ್ರೋಗ್ರಾಮನ್ನು ತಿರಸ್ಕರಿಸುತ್ತದೆ. ಸಹಿ ಎಂದರೆ ಸೋನಿಯ ಗುಪ್ತ ಕೀಲಿಯಿಂದ ಹಾಕಿದ ಮುದ್ರೆ. 2011ರ ಜನವರಿಯಲ್ಲಿ ಪ್ಲೇಸ್ಟೇಷನ್ 3ರ ಭದ್ರತೆ ಮುರಿದುಬಿದ್ದಾಗ ಅದರೊಳಗಿದ್ದ ಪಿಎಸ್‌ಪಿಯ ಕೀಲಿಗಳೂ ಹೊರಬಂದವು. ಅಂದಿನಿಂದ ಹೋಮ್‌ಬ್ರೂ ಬರೆದವರು ತಮ್ಮ ಪ್ರೋಗ್ರಾಮಿಗೆ ತಾವೇ ಸಹಿ ಹಾಕಬಹುದು, ಸಹಿಯಿರುವ ಪ್ರೋಗ್ರಾಂ ಬದಲಾವಣೆಯಿಲ್ಲದ ಅಧಿಕೃತ 6.61 ಆವೃತ್ತಿಯ ಮೇಲೆಯೇ ಓಡುತ್ತದೆ. ಕದ್ರಿಯವರ ಮಾತಿನಲ್ಲಿ ಹೇಳುವುದಾದರೆ ಅವಳ ಆಟಕ್ಕೆ ಚಾವಡಿ ಸಾಕು. ಹೆನ್ ಬೇಡ, ಕಸ್ಟಮ್ ಫರ್ಮ್‌ವೇರ್ ಬೇಡ, ಫ್ಲ್ಯಾಶ್ ಮೇಲೆ ಅನಧಿಕೃತವಾಗಿ ಒಂದಕ್ಷರ ಬರೆಯುವುದೂ ಬೇಡ.

ಸಿ ಭಾಷೆಯಲ್ಲಿ ಬರೆಯಲು ಪಿಎಸ್‌ಪಿಎಸ್‌ಡಿಕೆ ಎಂಬ ಮುಕ್ತ ಸಲಕರಣೆ ಇದೆ. ಮೊದಲು ಕಂಪ್ಯೂಟರಿನಲ್ಲೇ ಪಿಪಿಎಸ್‌ಎಸ್‌ಪಿಪಿ ಎಂಬ ಎಮುಲೇಟರ್‌ನಲ್ಲಿ ಓಡಿಸಿ ನೋಡಲಿ. ಎಮುಲೇಟರ್ ಎಂದರೆ ಒಂದು ಯಂತ್ರದ ನಡವಳಿಕೆಯನ್ನು ಇನ್ನೊಂದು ಯಂತ್ರ ಅನುಕರಿಸುವುದು. ಸರಿ ಬಂದ ಮೇಲೆ ಈಬೂಟ್ ಕಡತವನ್ನು (ಪಿಎಸ್‌ಪಿ ಓಡಿಸುವ ಪ್ರೋಗ್ರಾಂ ಇರುವ ಕಡತ) ಮೆಮೊರಿ ಸ್ಟಿಕ್‌ನ ಪಿಎಸ್‌ಪಿ ಫೋಲ್ಡರಿನ ಒಳಗಿನ ಗೇಮ್ ಫೋಲ್ಡರಿನಲ್ಲಿ ಅವಳ ಆಟದ ಹೆಸರಿನ ಫೋಲ್ಡರ್ ಮಾಡಿ ಇಡಲಿ.

ಕಾಪು_ದೀಪ

ಇದಕ್ಕೆ ನನ್ನ ವಿರೋಧವಿಲ್ಲ. ಮಗುವಿಗೆ ನನ್ನ ಆಶೀರ್ವಾದ ತಿಳಿಸಿ.

ಮಣಿಪಾಲದ_ಓದುಗಿ

ಅವಳು ಕನ್ನಡದಲ್ಲಿ ಬರೆಯಬೇಕೆಂದಿದ್ದರೆ ಈಗಲೇ ಹೇಳಿಬಿಡುತ್ತೇನೆ, ನಾನು ವಾರಗಟ್ಟಲೆ ಒದ್ದಾಡಿದ ಜಾಗ ಅದು. ಫಾಂಟ್ ಸೇರಿಸಿದ ಮಾತ್ರಕ್ಕೆ ಕನ್ನಡ ಮೂಡುವುದಿಲ್ಲ. ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುವುದಷ್ಟೇ ಸರಳ ಪ್ರೋಗ್ರಾಮಿಗೆ ಗೊತ್ತು. "ಅಮ್ಮ" ಎಂದು ಬರೆದರೆ "ಅಮ್‌ಮ" ಎಂದು ಬಿಡಿಸಿ ತೋರಿಸುತ್ತದೆ, "ಸೂರ್ಯ"ದ ಅರ್ಕಾವತ್ತು "ಯ" ಅಕ್ಷರದ ನಂತರ ಬರಬೇಕೆಂಬುದು ಅದಕ್ಕೆ ತಿಳಿಯುವುದಿಲ್ಲ. ಒತ್ತಕ್ಷರ ಜೋಡಿಸುವ ಎಂಜಿನ್ ಅನ್ನು ಒಳಸೇರಿಸಬಹುದು, ಆದರೆ ಮೊದಲ ಆಟಕ್ಕೆ ಅಷ್ಟು ದೊಡ್ಡ ಕೆಲಸ ಬೇಡ. ಬೇಕಾದ ಪದಗಳನ್ನು ಕಂಪ್ಯೂಟರಿನಲ್ಲಿ ಬರೆದು ಚಿತ್ರಗಳಾಗಿ ಉಳಿಸಿ, ಆ ಚಿತ್ರಗಳನ್ನೇ ಪರದೆಯ ಮೇಲೆ ಇಡಲಿ. ಪರದೆಯ ಅಳತೆ 480 ಅಗಲ, 272 ಎತ್ತರ. ಅಕ್ಷರದ ಎತ್ತರ 24ಕ್ಕಿಂತ ಕಡಿಮೆಯಾದರೆ ನನ್ನ ಕಣ್ಣಿಗೆ ಒತ್ತು ಓದಲಾಗಲಿಲ್ಲ.

ಕುಂಜಿಬೆಟ್ಟಿನವ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಹೊಸ ಬ್ಯಾಟರಿ ಬಂತು, ಸಂಪರ್ಕಗಳನ್ನು ಒರೆಸಿದೆ, ಮಳೆ ಇಲ್ಲದ ದಿನ ನೋಡಿಕೊಂಡು 6.61ಕ್ಕೆ ಅಧಿಕೃತ ಅಪ್‌ಡೇಟ್ ಮಾಡಿದೆ. ಅದು ಮುಗಿಯುವವರೆಗೆ ಮಗಳು ಸ್ವಿಚ್‌ಬೋರ್ಡಿನ ಪಕ್ಕದಲ್ಲೇ ಯಾರೂ ಮುಟ್ಟದಂತೆ ನಿಂತಿದ್ದಳು.

ಅವಳ ಆಟದಲ್ಲಿ ಒಂದು ದೋಣಿ ಇದೆ, ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಬಂಡೆಗಳನ್ನು ತಪ್ಪಿಸಿಕೊಂಡು ಹೋಗಬೇಕು. ಎಮುಲೇಟರ್‌ನಲ್ಲಿ ಓಡಿದ್ದು ಯಂತ್ರದ ಮೇಲೆ ಮೊದಲ ಸಲ ಓಡಲಿಲ್ಲ, ಸಹಿ ಹಾಕುವುದನ್ನು ಮರೆತಿದ್ದೆವು. ಹಾಕಿದ ಮೇಲೆ ಓಡಿತು. ಮೇಲ್ಗಡೆ "ಅಮ್ಮನ ದೋಣಿ" ಎಂಬ ಹೆಸರು ಒತ್ತಕ್ಷರ ಸಹಿತ ಸರಿಯಾಗಿ ಬಂತು, ಅಕ್ಷರದ ಎತ್ತರ 28 ಇಟ್ಟಿದ್ದಾಳೆ. ಭಾವನವರಿಗೆ ವೀಡಿಯೊ ಕರೆಯಲ್ಲಿ ತೋರಿಸಿದೆವು. ಎಲ್ಲರಿಗೂ ಮನಸಾರೆ ಕೃತಜ್ಞತೆಗಳು.

ಒಂದು ಪ್ರಶ್ನೆ ಉಳಿದಿದೆ. ಅನಲಾಗ್ ಗುಂಡಿಯನ್ನು ಮುಟ್ಟದಿದ್ದರೂ ದೋಣಿ ತಾನಾಗಿ ಎಡಕ್ಕೆ ಸರಿಯುತ್ತದೆ.

ಕಂಕನಾಡಿ_ಬೆಸುಗೆ

ಒಳಗಿನ ಸಂಪರ್ಕ ಕೊಳೆಯಾಗಿರಬಹುದು, ಭಾಗ ಬದಲಿಸುವ ಮೊದಲು ಸ್ವಚ್ಛಗೊಳಿಸಿ ನೋಡೋಣ. ಭಾನುವಾರ ಮಂಗಳೂರಿಗೆ ಬರುವುದಾದರೆ ನಾನೇ ಬಿಚ್ಚಿ ಕೊಡುತ್ತೇನೆ, ಮಗಳನ್ನೂ ಕರೆತನ್ನಿ. ಅಲ್ಲಿಯವರೆಗೆ ನಡುವಿನ ಸ್ವಲ್ಪ ಚಲನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಅವಳು ಪ್ರೋಗ್ರಾಮಿನಲ್ಲಿ ಬರೆಯಬಹುದು, ಅದಕ್ಕೆ ಡೆಡ್‌ಜೋನ್ ಎನ್ನುತ್ತಾರೆ.

ಕುಂಜಿಬೆಟ್ಟಿನವ

ಭಾನುವಾರ ಬೆಳಗ್ಗಿನ ಬಸ್ಸಿಗೆ ಹೊರಡುತ್ತೇವೆ. ಡೆಡ್‌ಜೋನ್ ಎಂಬ ಪದವನ್ನು ಅವಳು ಈಗಾಗಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ.